ಕಲಿಕಾ ಏಣಿ ಮತ್ತು ಮಗುವಿನ ಸ್ವಾವಲೋಕನ: ಒಂದು ಮರುಪರಿಶೀಲನೆ

ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದದ್ದು, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳು ಅದಕ್ಕೆ ಪ್ರೇರಣೆಯಾದದ್ದು, 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯಬೇಕೆಂಬ ಅದರ ತಳಹದಿಯ ಬಗ್ಗೆ ತಕರಾರಿಲ್ಲ. ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಏಣಿ, ಮಗುವಿನ ಮುನ್ನಡೆಯನ್ನು ದಾಖಲಿಸುವ ಪ್ರಗತಿ ನೋಟಗಳಿದ್ದ ಮೇಲೆ ಮಗುವಿನ ಸ್ವಮೌಲ್ಯಮಾಪನ ತಾನಾಗಿಯೇ ನಡೆಯುತ್ತದೆಂಬ ನಂಬಿಕೆಯನ್ನು ಮಾತ್ರ ಒಪ್ಪುವುದು ಕಷ್ಟ.

ಏಣಿಯ ಮುಂದೆ ನಿಂತ ಮಗು ಲಾಂಛನ ನೋಡಿ ತನ್ನ ಮೆಟ್ಟಿಲು ಗುರುತಿಸುತ್ತದೆ, ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಇದು ಸಣ್ಣ ಮಾತಲ್ಲ. ಆದರೂ ಇದರಿಂದ ಮಗುವಿಗೆ ತಿಳಿಯುವುದು ತಾನು ಎಲ್ಲಿದ್ದೇನೆ ಎಂಬುದಷ್ಟೇ. ಶಿಕ್ಷಣ ಸಂಶೋಧಕ ಡಿ. ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಕಲಿಯುವವರಿಗೆ ಮೂರು ಅಗತ್ಯಗಳನ್ನು ಗುರುತಿಸಿದರು: ಒಳ್ಳೆಯ ಕೆಲಸ ಹೇಗಿರುತ್ತದೆಂಬ ಕಲ್ಪನೆ, ತನ್ನ ಕೆಲಸವನ್ನು ಅದರೊಡನೆ ಹೋಲಿಸುವ ಶಕ್ತಿ, ಅಂತರ ತಗ್ಗಿಸುವ ಪ್ರಯತ್ನ. ಏಣಿ ಮುಂದಿನ ಮೆಟ್ಟಿಲನ್ನು ತೋರಿಸುತ್ತದೆ. ಹೋಲಿಕೆಗೆ ಅಲ್ಲಿ ಜಾಗವಿಲ್ಲ.

ಆರೇಳು ವರ್ಷದ ಮಗುವಿನಿಂದ ಹೋಲಿಕೆಯನ್ನು ನಿರೀಕ್ಷಿಸಬಹುದೇ? ಚಿಕ್ಕ ಮಕ್ಕಳು ತಮ್ಮ ಅರಿವಿನ ಮೇಲೆ ನಿಗಾ ಇಡುವುದು ಬಹಳ ಕಡಿಮೆ ಎಂದು ಮನೋವಿಜ್ಞಾನಿ ಜಾನ್ ಫ್ಲೇವೆಲ್ 1979ರಲ್ಲಿ ವಾದಿಸಿದ್ದರು. ಡೇವಿಡ್ ವೈಟ್‌ಬ್ರೆಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಮೂರರಿಂದ ಐದು ವರ್ಷದ ಮಕ್ಕಳಲ್ಲೂ ಈ ನಿಗಾ ಅವರ ನಡವಳಿಕೆಯಲ್ಲಿ, ಮಾತಿಲ್ಲದೆಯೂ ಕಾಣಿಸಿಕೊಳ್ಳುತ್ತದೆಂದು ಅವರು ತೋರಿಸಿದರು. ಹಾಗಾಗಿ 'ಏನು ಕಲಿತೆ?' ಎಂಬ ಬರಿಯ ಪ್ರಶ್ನೆಗೆ ಮಗು ಸುಮ್ಮನಿದ್ದರೆ, ಆ ಮೌನವನ್ನು ಅಸಾಮರ್ಥ್ಯವೆಂದು ಓದಬಾರದು.

ನನ್ನ ಪ್ರತಿಪಾದನೆ ಇಷ್ಟು: ಮಗುವಿನ ಕೆಲಸಗಳನ್ನು ಕೂಡಿಡಲು ಈಗಾಗಲೇ ಶಾಲೆಗಳಲ್ಲಿರುವ ಕೃತಿ ಸಂಪುಟವನ್ನು ಮಗುವಿನ ಕೈಗೇ ಕೊಟ್ಟರೆ ಎರಡನೇ ತರಗತಿಯಲ್ಲೂ ಸ್ವಾವಲೋಕನ ಸಾಧ್ಯ. ಜೂನ್‌ನಲ್ಲಿ 'ಅಕ' ಎಂದು ಬರೆದ ಹಾಳೆಯನ್ನೂ ನವೆಂಬರಿನಲ್ಲಿ 'ಅಕ್ಕ' ಎಂದು ಬರೆದ ಹಾಳೆಯನ್ನೂ ಜೊತೆಗಿಟ್ಟರೆ, ಒತ್ತಕ್ಷರದ ಮೇಲೆ ಬೆರಳಿಡುವುದೇ ಮಗುವಿನ ಉತ್ತರವಾಗಬಹುದು. 'ಆಗಬಹುದು' ಎಂದೇ ಹೇಳುತ್ತೇನೆ. ಬರಹದಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಗಣಿತದ ತಿಳಿವಳಿಕೆಯಲ್ಲಿ ಅಷ್ಟು ಸುಲಭವಾಗಿ ಕಾಣದು. ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಒಬ್ಬರೇ ಶಿಕ್ಷಕರಿಗೆ ಪ್ರತಿ ಮಗುವಿನೊಡನೆ ಕೂರುವ ಬಿಡುವೂ ಇರಲಾರದು. ಮೇಷ್ಟ್ರಿಗೆ ಇಷ್ಟವಾಗುವ ಉತ್ತರವನ್ನೇ ಮಗು ಹೇಳುವ ಸಂಭವವೂ ಇದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿ ಪತ್ರದಲ್ಲಿ ಮಗುವಿನ ಸ್ವಮೌಲ್ಯಮಾಪನವೂ ಇರಬೇಕೆನ್ನುತ್ತದೆ. ಆ ಕಾಲಂ ತುಂಬುವವರು ಯಾರು, ಓದು-ಬರಹ ಇನ್ನೂ ಕೈಗೂಡದ ಮಗುವಿನ ಮಾತನ್ನು ಯಾರು, ಯಾರ ಪದಗಳಲ್ಲಿ ಬರೆದುಕೊಳ್ಳಬೇಕು ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ.