ಬಯಲಿನಲ್ಲಿ ಕಾರಿಗೆ ಮೇಣ ಲೇಪನ

ಗ್ಯಾರೇಜಿನ ಆಸರೆಯಿಲ್ಲದೆ, ಮನೆಯಂಗಳದಲ್ಲೋ ರಸ್ತೆ ಬದಿಯಲ್ಲೋ ಕಾರನ್ನು ತೊಳೆದು ಮೇಣ ಹಚ್ಚಿ ಹೊಳಪು ಕೊಡುವ ಕೆಲಸ. ಇಂದಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಮೇಣ ಕಾಯುವುದು ಅದನ್ನು. ಮೇಣಗಳಲ್ಲಿ ಹೆಸರಾದದ್ದು ಕಾರ್ನೌಬಾ. ಈಶಾನ್ಯ ಬ್ರೆಜಿಲಿನ ತಾಳೆ ಜಾತಿಯ ಮರವೊಂದರ ಎಲೆಗಳಿಂದ ತೆಗೆಯುವ ಇದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಬಯಲಿನ ಕೆಲಸಕ್ಕೆ ದೊಡ್ಡ ಶತ್ರು ಬಿಸಿಲು. ಕಾದ ತಗಡಿನ ಮೇಲೆ ನೀರು ಬೇಗ ಆರಿ, ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಕಲೆಗಳಾಗಿ ಉಳಿಯುತ್ತವೆ. ಬೋರ್‌ವೆಲ್ ನೀರು ಬಳಸುವವರಿಗೆ ಇದು ಚಿರಪರಿಚಿತ. ಮೇಣದ ದ್ರಾವಕವೂ ಬಲುಬೇಗ ಆವಿಯಾಗಿ ಲೇಪ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಅಥವಾ ಇಳಿಹೊತ್ತೇ ಸೂಕ್ತ. ಬಾನೆಟ್ ಮೇಲೆ ಅಂಗೈಯಿಟ್ಟರೆ ತಂಪೆನಿಸಬೇಕು. ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ದಪ್ಪಗೆ ಬಳಿದರೆ ಹೊಳಪು ಹೆಚ್ಚುವುದಿಲ್ಲ, ಮೇಣ ಮಾತ್ರ ದಂಡ.

ಗಾಳಿ ತರುವ ಧೂಳು ಇನ್ನೊಂದು ತೊಡಕು. ಧೂಳು ಕೂತ ಮೈಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ನವಿರಾದ ಗೀರುಗಳು ಬೀಳುತ್ತವೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಲೇಬಾರದು. ಮರದ ನೆರಳು ಹಿತವೇ, ಆದರೆ ಅಂಟು ಮತ್ತು ಹಕ್ಕಿಯ ಹಿಕ್ಕೆ ಅದರ ಜೊತೆಗೇ ಬರುತ್ತವೆ. ಹಿಕ್ಕೆಯನ್ನು ಕೂಡಲೇ ನೆನೆಸಿ ತೆಗೆಯದಿದ್ದರೆ ಕ್ಲಿಯರ್ ಕೋಟ್ ಹಾಳಾಗುತ್ತದೆ.

ಇನ್ನು ತೊಳೆಯುವ ನೀರಿನ ವಿಷಯ: 2024ರ ಮಾರ್ಚ್‌ನಲ್ಲಿ, ನೀರಿನ ಅಭಾವದ ನಡುವೆ, ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು.