ರಡಾರ್ ಕೊಳವೆಯಲ್ಲಿ ನಾಟಕ

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸರಕಾರದ ಉಗ್ರಾಣಗಳಲ್ಲಿ ರಡಾರ್ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ವಿಮಾನಗಳಿಗೆ ದಾರಿಯನ್ನೂ ಶತ್ರುವಿನ ಸುಳಿವನ್ನೂ ತೋರಿಸಲೆಂದು ಮಾಡಿದವು ಅವು. ಶಾಂತಿ ಬಂದೊಡನೆ ಗುಜರಿ ಬೆಲೆಗೆ ಲಂಡನ್ನಿನ ಲೈಲ್ ಸ್ಟ್ರೀಟಿನಂಥ ಅಂಗಡಿ ಬೀದಿಗಳನ್ನು ಸೇರಿದವು.

1939ರಲ್ಲಿ ನಿಂತಿದ್ದ ಬಿ.ಬಿ.ಸಿ.ಯ ಟೆಲಿವಿಷನ್ ಪ್ರಸಾರ 1946ರ ಜೂನ್ 7ರಂದು ಮತ್ತೆ ಆರಂಭವಾಯಿತು. ಅಂಗಡಿಯ ಸೆಟ್ಟು ಸಾಮಾನ್ಯ ಸಂಬಳಗಾರನ ಕೈಗೆ ಎಟುಕುವಂತಿರಲಿಲ್ಲ. ರೇಡಿಯೋ ಹವ್ಯಾಸಿಗಳ ಕಣ್ಣು ಈ ಪೆಟ್ಟಿಗೆಗಳೊಳಗಿನ ವಿ.ಸಿ.ಆರ್. 97 ಎಂಬ ಗಾಜಿನ ಕೊಳವೆಯ ಮೇಲೆ ಬಿತ್ತು. ಆರೇ ಅಂಗುಲದ ಪರದೆ, ಚಿತ್ರವೆಲ್ಲ ಹಸಿರು. ನಾಟಕದ ನಾಯಕಿಯ ಮುಖವೂ ಹಸಿರೇ!

ಪೆಟ್ಟಿಗೆಯೇನೋ ಅಗ್ಗ, ಅದನ್ನು ಒಗ್ಗಿಸುವ ವಿದ್ಯೆ ಅಂಗಡಿಯಲ್ಲಿ ಸಿಗುವಂಥದಲ್ಲ. ಸಂಘಗಳ ಕೂಟಗಳಲ್ಲಿ, 'ಪ್ರಾಕ್ಟಿಕಲ್ ವೈರ್‌ಲೆಸ್'ನಂಥ ಪತ್ರಿಕೆಗಳಲ್ಲಿ ಅದು ಹಬ್ಬಿತು. ಯಾವ ವಾಲ್ವನ್ನು ಉಳಿಸಬೇಕು, ಯಾವ ತಂತಿಯನ್ನು ಕತ್ತರಿಸಬೇಕು, 405 ಗೆರೆಗಳ ಚಿತ್ರವನ್ನು ಅಲುಗದಂತೆ ನಿಲ್ಲಿಸುವುದು ಹೇಗೆ? ಕೆಲವು ಕೊಳವೆಗಳಲ್ಲಿ ಚಿತ್ರದ ಅಂಚು ತುಂಡಾಗುತ್ತಿತ್ತು. ಈ ಗುಟ್ಟು ರಟ್ಟಾದ ಮೇಲೆ, ಪೂರ್ಣ ಚಿತ್ರ ಬರುವ ಕೊಳವೆಯೆಂದು ವ್ಯಾಪಾರಿಗಳು ಜಾಹೀರಾತಿನಲ್ಲೇ ಭರವಸೆ ಕೊಡಬೇಕಾಯಿತು.

ಜೀವದ ಪ್ರಶ್ನೆಯೂ ಇತ್ತು. ಕೊಳವೆಗೆ ಎರಡು ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಬೇಕು. ಸ್ವಿಚ್ಚು ಆರಿಸಿದ ಮೇಲೂ ಅದು ಕಂಡೆನ್ಸರಿನಲ್ಲಿ ಹೊಂಚುಹಾಕಿ ಕುಳಿತಿರುತ್ತದೆ. ಆಘಾತ ಎದೆಯನ್ನು ಹಾಯದಂತೆ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಬೇಕೆಂದು ಬಲ್ಲವರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಚಿತ್ರ ಚಿಕ್ಕದೆನಿಸಿದವರು ಎಣ್ಣೆ ತುಂಬಿದ ಭೂತಗನ್ನಡಿಯನ್ನು ಮುಂದಿಟ್ಟುಕೊಂಡರು. 1949ರ ಡಿಸೆಂಬರ್ 17ರಂದು ಬರ್ಮಿಂಗ್‌ಹ್ಯಾಮ್ ಬಳಿ ಸಟನ್ ಕೋಲ್ಡ್‌ಫೀಲ್ಡ್ ಕೇಂದ್ರ ತೆರೆಯಿತು. ಅದರ ತರಂಗಾಂತರ ಲಂಡನ್ನಿನದಲ್ಲ. ಸೆಟ್ಟಿನ ಸುರುಳಿಗಳ ಸುತ್ತನ್ನು ಬದಲಿಸುವ ಲೆಕ್ಕ ಮತ್ತೆ ಕೈಯಿಂದ ಕೈಗೆ ಹೊರಟಿತು.