ಚೌಕಿಯಲ್ಲಿ ಕಳೆದ ರಾತ್ರಿಗಳು

ಬಯಲಾಟದ ರಂಗಸ್ಥಳಕ್ಕೆ ನಾಲ್ಕು ಕಂಬ ನೆಡಲು ಕೊಯ್ಲು ಮುಗಿದ ಗದ್ದೆ ಸಾಕು. ಅದರ ಹಿಂದೆ ತುಸು ದೂರದಲ್ಲಿ ಇನ್ನೊಂದು ಚಪ್ಪರವಿರುತ್ತದೆ. ಅದು ಚೌಕಿ, ಯಕ್ಷಗಾನ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ. ಆಟ ನಿಜವಾಗಿ ಆರಂಭವಾಗುವುದು ಅಲ್ಲಿ ನಡೆಯುವ ಗಣಪತಿ ಪೂಜೆಯಿಂದ.

ಈ ಬಣ್ಣಗಾರಿಕೆಯನ್ನು ರೂಪಿಸಿದ್ದು ಬೆಳಕು. ಗ್ಯಾಸ್‌ಲೈಟು, ವಿದ್ಯುತ್ತು ಬರುವ ಮೊದಲು ರಂಗಸ್ಥಳದ ಪಕ್ಕ ದೊಂದಿಗಳು ಉರಿಯುತ್ತಿದ್ದವು. ಗಾಳಿಗೆ ತೊನೆಯುವ ಆ ಬೆಳಕಿನಲ್ಲಿ ದೂರ ಕುಳಿತವರಿಗೂ ಮುಖ ಕಾಣಬೇಕಿತ್ತು. ಅದಕ್ಕೇ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಹಗುರ ಮರದ ಆಭರಣಗಳಿಗೆ ಅಂಟಿಸಿದ ಹೊಳೆಯುವ ಬೇಗಡೆಯೂ ಆ ಬೆಳಕಿಗಾಗಿಯೇ.

ಇನ್ನೊಂದು ಕಾರಣ ರಾತ್ರಿಯ ಉದ್ದ. ತೆಂಕುತಿಟ್ಟಿನ ರಾಕ್ಷಸನ ಮುಖದಲ್ಲಿ ಏಳುವ ಬಿಳಿ ಮುಳ್ಳುಗಳೇ ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ, ಒಂದೊಂದಾಗಿ ಇಟ್ಟು, ಒಣಗಿಸಿ ಬೆಳೆಸಬೇಕು. ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಕಥಕಳಿಯಲ್ಲಿ ಚುಟ್ಟಿಗೆ ಬೇರೆ ಕಲಾವಿದರಿದ್ದಾರೆ. ಇಲ್ಲಿ ವೇಷಧಾರಿಯೇ ಕನ್ನಡಿ ಹಿಡಿದು ಕೂರುತ್ತಾನೆ. ಅವನ ಪ್ರವೇಶ ನಡುರಾತ್ರಿಯ ನಂತರ, ಹಾಗಾಗಿ ಅವಸರವಿರಲಿಲ್ಲ.

ಕೋಡಂಗಿ, ಬಾಲಗೋಪಾಲರ ವೇಷ ಹಾಕಿದ ಹುಡುಗರ ಕುಣಿತ ಸಂಜೆಯ ಪೂರ್ವರಂಗದಲ್ಲೇ ಮುಗಿಯುತ್ತಿತ್ತು. ಮುಂದಿನ ರಾತ್ರಿಯೆಲ್ಲ ಅವರು ಹಿರಿಯರ ಪಕ್ಕ ಕೂತು ನೋಡಬೇಕು, ಕಸೆ ಬಿಗಿಯಬೇಕು, ಅರ್ಥಗಾರಿಕೆ ಕೇಳಬೇಕು. ಪಾಠಪುಸ್ತಕವಿಲ್ಲದ ಕಲೆಗೆ ಚೌಕಿಯೇ ಶಾಲೆಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಇದು ಸಡಿಲವಾಯಿತು. ಟಿಕೆಟಿನ ಡೇರೆ ಮೇಳಗಳು ಬಂದವು, ವಿದ್ಯುದ್ದೀಪ ಬಂತು. ಶಿವರಾಮ ಕಾರಂತರು ಹಳೆಯ ವೇಷಗಳನ್ನು ಹುಡುಕಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಚೌಕಿ ಕಲಿಸುತ್ತಿದ್ದುದನ್ನು ಈಗ ತರಗತಿ ಕಲಿಸಬೇಕಾಯಿತು.

ಈಚೆಗೆ ಬಂದದ್ದು ಕಾಲಮಿತಿಯ ಆಟ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಮುಂಬಯಿಯ ಸಭಾಂಗಣಗಳಿಗೆ ಬರುವ ತಂಡಗಳಿಗೂ ಸಿಗುವುದು ಮೂರು-ನಾಲ್ಕು ಗಂಟೆ. ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೆ ಇದು ಅನುಕೂಲ, ಕಲಾವಿದರಿಗೆ ನಿದ್ದೆಯೂ ಸಿಗುತ್ತದೆ. ಆದರೆ ಪೂರ್ವರಂಗ ಹೋದರೆ ಹುಡುಗರ ವೇಷವೂ ಹೋಗುತ್ತದೆ. ರಂಗಸ್ಥಳದಲ್ಲಿ ಆ ಕೊರತೆ ಕಾಣುವುದಿಲ್ಲ. ಚೌಕಿಗೆ ಹೋದರೆ, ಹಿರಿಯ ವೇಷಧಾರಿಯ ಪಕ್ಕದಲ್ಲಿ ಕೂರುವ ಹುಡುಗನ ಜಾಗ ಖಾಲಿಯಿರುತ್ತದೆ.